ಡೈರಿ ಲೆಕ್ಕದ ಆ್ಯಪ್‌ಗೆ ಮೊಂಗೋನಾ, ಎಸ್‌ಕ್ಯುಎಲ್ಲಾ? ಗೆಳೆಯನಿಗೂ ನನಗೂ ಜಗಳ ಹತ್ತಿದೆ

ಕೊನೇಬೆಂಚು
ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲು ಉತ್ಪಾದಕರ ಸಂಘಕ್ಕೆ ಒಂದು ಸಣ್ಣ ಆ್ಯಪ್ ಮಾಡಿಕೊಡ್ತೀನಿ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಕಾರ್ಯದರ್ಶಿ ಸಿಕ್ಕಿದಾಗೆಲ್ಲ "ಏನಾಯ್ತಪ್ಪ ನಿನ್ ಕಂಪ್ಯೂಟ್ರು" ಅಂತಾರೆ.

ಸದಸ್ಯರು 180. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು. ಪ್ರತಿ ಸಲ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರ್ಕೋಬೇಕು, ದರಪಟ್ಟಿ ನೋಡಿ ರೇಟ್ ಹಾಕಬೇಕು. ಹದಿನೈದು ದಿನಕ್ಕೊಂದು ಬಟವಾಡೆ. ಅದರಲ್ಲಿ ಪಶು ಆಹಾರದ ಬಾಕಿ, ಮುಂಗಡ ಎಲ್ಲ ಕಳೆದು ಕೈಗೆಷ್ಟು ಅಂತ ಚೀಟಿ ಪ್ರಿಂಟ್ ಆಗಬೇಕು. ಇಷ್ಟೇ.

ಜೊತೆಗಿರೋ ಗೆಳೆಯ ಬೆಂಗಳೂರಲ್ಲಿ ಸ್ಟಾರ್ಟಪ್‌ನಲ್ಲಿದಾನೆ. ಅವನು ಹೇಳೋದು ಒಂದೇ ಮಾತು: "ಮೊಂಗೋಡಿಬಿ ಹಾಕು. ಸ್ಕೀಮಾ ಗೀಮಾ ತಲೆಬಿಸಿ ಇಲ್ಲ. ನಾಳೆ ಐವತ್ತು ಸಂಘಕ್ಕೆ ಕೊಟ್ಟರೂ ತಡ್ಕೊಳ್ಳುತ್ತೆ." (ಮೊಂಗೋ ಅಂದ್ರೆ ಟೇಬಲ್ ಬದಲು ಡಾಕ್ಯುಮೆಂಟಾಗಿ ಇಡೋ ಡೇಟಾಬೇಸ್. ಸ್ಕೀಮಾ ಅಂದ್ರೆ ಎಲ್ಲಿ ಏನಿರಬೇಕು ಅಂತ ಮೊದಲೇ ಹಾಕೋ ಚೌಕಟ್ಟು.) ನಾನು ಕಾಲೇಜಲ್ಲಿ ಕಲಿತಿದ್ದು ಮೈಎಸ್‌ಕ್ಯುಎಲ್, ಟೇಬಲ್‌ನಲ್ಲಿ ಇಟ್ಟು ಎಸ್‌ಕ್ಯುಎಲ್ ಭಾಷೆಯಲ್ಲಿ ಕೇಳೋ ಡೇಟಾಬೇಸ್, ಅದೂ ಪರೀಕ್ಷೆ ಮುಗಿದ ಮೇಲೆ ಮರೆತಿದ್ದು. ಡೈರಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಕಾರ್ಯದರ್ಶಿ ಹತ್ರ ಒಂದು ಆ್ಯಂಡ್ರಾಯ್ಡ್ ಫೋನ್. ನೆಟ್ ಬಂದ್ರೆ ಬಂತು, ಕರೆಂಟೂ ಹಾಗೇ. ಯಾವುದು ಹಾಕಲಿ?

ಸೆಲೆಕ್ಟ್_ಸ್ಟಾರ್
ಎಸ್‌ಕ್ಯುಲೈಟ್. ಎಸ್‌ಕ್ಯುಎಲ್ ಜಾತಿಯದೇ, ಇಡೀ ಡೇಟಾಬೇಸ್ ಒಂದೇ ಫೈಲ್, ಸರ್ವರ್ ಬೇಡ. ಮುಂದಿನ ಪ್ರಶ್ನೆ ಕೇಳಿ.

ಬ್ರೇಸ್ ಬಸವ
ನಿಮ್ಮ ಗೆಳೆಯ ಹೇಳಿದ್ದರಲ್ಲಿ ತಪ್ಪೇನಿದೆ? ಒಬ್ಬ ಸದಸ್ಯ ಅಂದ್ರೆ ಒಂದು ಡಾಕ್ಯುಮೆಂಟ್. ಅದರೊಳಗೇ ಹೆಸರು, ಬ್ಯಾಂಕ್ ಖಾತೆ, ಹಸು ಎಷ್ಟು, ಎಲ್ಲ. ಕೋಡಲ್ಲಿರೋ ಆಬ್ಜೆಕ್ಟ್ ಹೇಗಿದೆಯೋ ಹಾಗೇ ಹೋಗಿ ಕೂರುತ್ತೆ. ನಾಳೆ ಕಾರ್ಯದರ್ಶಿ ಬಂದು "ಹಸುವಿನ ವಿಮೆ ನಂಬರೂ ಬೇಕು" ಅಂದ್ರೆ ಒಂದು ಫೀಲ್ಡ್ ಸೇರಿಸಿದ್ರೆ ಆಯ್ತು. ಟೇಬಲ್ ಬದಲಾಯಿಸು, ಮೈಗ್ರೇಷನ್ ಓಡಿಸು, ಇದೆಲ್ಲ ಬೇಡ. ಸಣ್ಣ ಆ್ಯಪ್‌ಗೆ ಬೇಕಾಗಿರೋದು ಬೇಗ ಕೆಲಸ ಮುಗಿಯೋದು.

ಮಗ್ಗಿಪುಸ್ತಕ
ಮೊದಲು ಲೆಕ್ಕ ಹಾಕಿ, ಆಮೇಲೆ ಜಗಳ ಆಡಿ. 180 ಜನ, ದಿನಕ್ಕೆ 2 ಸಲ, 360 ಸಾಲು. ವರ್ಷಕ್ಕೆ 1,31,400. ಸಾಲಿಗೆ ಧಾರಾಳವಾಗಿ 100 ಬೈಟ್ ಅಂತ ಇಟ್ಕೊಂಡ್ರೂ ವರ್ಷಕ್ಕೆ 13 ಎಂಬಿ. ಹತ್ತು ವರ್ಷಕ್ಕೆ 130 ಎಂಬಿ. ನನ್ನ ಮೊಮ್ಮಗಳ ನಾಮಕರಣದ ವಿಡಿಯೋ ಇದಕ್ಕಿಂತ ದೊಡ್ಡದಿದೆ.

ಎಸ್‌ಕ್ಯುಲೈಟ್‌ನ ಒಂದು ಫೈಲಿನ ಮಿತಿ 281 ಟೆರಾಬೈಟ್. ಐವತ್ತು ಸಂಘ ಅಲ್ಲ, ರಾಜ್ಯದಲ್ಲಿರೋ ಎಮ್ಮೆಗಳನ್ನೆಲ್ಲ ಹೆಸರು ಹಿಡಿದು ಬರೆದಿಟ್ರೂ ತುಂಬಲ್ಲ. ಸ್ಕೇಲ್ ಅನ್ನೋ ಮಾತನ್ನ ಈ ಚರ್ಚೆಯಿಂದ ಆಚೆ ಇಡಿ.

ಬ್ರೇಸ್ ಬಸವ
ಸ್ಕೇಲ್ ಅಂದವನು ಅವರ ಗೆಳೆಯ, ನಾನಲ್ಲ ಸಾರ್. ನಾನು ಹೇಳಿದ್ದು ಬದಲಾವಣೆ ಸಲೀಸು ಅಂತ.

ಪೇಡೆ_ಪ್ರಿಯ
ಬದಲಾವಣೆ ಸಲೀಸು ಅಂದ್ರಲ್ಲ, ಒಂದು ಕತಿ ಹೇಳ್ತೇನಿ ಕೇಳ್ರಿ. ಮೂರು ವರ್ಷದ ಹಿಂದ ಒಂದು ಸಣ್ಣ ಕಂಪನಿಯೊಳಗ ಕೆಲಸ ಮಾಡ್ತಿದ್ದೆ, ಹೆಸರು ಬ್ಯಾಡ. ಗ್ರಾಹಕರ ಪಟ್ಟಿ ಮೊಂಗೋದಾಗ ಇತ್ತು. ಮೊದಲು ಬರೆದಾಂವ ಫೀಲ್ಡಿಗೆ ಫೋನ್ ಅಂತ ಹೆಸರಿಟ್ಟಿದ್ದ. ಎರಡನೇದಾಂವ ಮೊಬೈಲ್ ಅಂತ ಇಟ್ಟ. ಮೂರನೇದಾಂವ ಮತ್ತ ಫೋನ್ ಅಂತನ ಇಟ್ಟ, ಆದ್ರ ಮೊದಲ ಅಕ್ಷರ ದೊಡ್ಡದು ಮಾಡಿದ. ಮೂರೂ ಬ್ಯಾರೆ ಬ್ಯಾರೆ ಫೀಲ್ಡ್. ಒಂದರಾಗ ನಂಬರ್ ಸಂಖ್ಯೆಯಾಗಿ ಕುಂತಿತ್ತು, ಇನ್ನೊಂದರಾಗ ಅಕ್ಷರವಾಗಿ. ಯುಗಾದಿಗೆ ಎಲ್ಲಾರಿಗೂ ಮೆಸೇಜ್ ಕಳಸ್ರಿ ಅಂದಾಗ ಮೂರನೇ ಒಂದು ಭಾಗ ಜನಕ್ಕ ಹೋತು. ಉಳಿದವ್ರಿಗೆ ಯಾಕ ಹೋಗಿಲ್ಲ ಅಂತ ಹುಡಕಾಕ ಎರಡು ದಿನ ಬೇಕಾತು.

ಸ್ಕೀಮಾ ಇಲ್ಲ ಅಂತ ಏನೂ ಇರಂಗಿಲ್ಲರಿ. ಡೇಟಾಬೇಸಿನ್ಯಾಗ ಇರಲಿಲ್ಲ ಅಂದ್ರ ಕೋಡಿನೊಳಗ ಹತ್ತು ಕಡೆ ಹರಡಿರ್ತೈತಿ, ಅಷ್ಟ.

ಬ್ರೇಸ್ ಬಸವ
ಅದು ಮೂವರೂ ಮಾತಾಡಿಕೊಳ್ಳದ್ದರ ತಪ್ಪು. ಮೊಂಗೋದಲ್ಲಿ ಸ್ಕೀಮಾ ವ್ಯಾಲಿಡೇಷನ್ (ನಿಯಮಕ್ಕೆ ಹೊಂದದ ಡೇಟಾ ತಡೆಯೋದು) ಇದೆ, 2017ರಲ್ಲೇ ಬಂತು. ಬಳಸೋಕೆ ಬರದೇ ಬೈಯೋದು ಸುಲಭ.

ಸೆಲೆಕ್ಟ್_ಸ್ಟಾರ್
ವ್ಯಾಲಿಡೇಷನ್ ಹಾಕಿದ ಮೇಲೆ ಅದು ಸ್ಕೀಮಾ ತಾನೇ? ಅದನ್ನ ಬರೆಯೋಕೆ ಬೇಡ ಅಂತಲ್ವಾ ಅಲ್ಲಿಗೆ ಹೋಗಿದ್ದು? ಮದುವೆ ಬೇಡ ಅಂತ ಊರು ಬಿಟ್ಟು, ಹೋದ ಊರಲ್ಲಿ ತಾಳಿ ಕಟ್ಟಿದ ಹಾಗಾಯ್ತು.

ಬ್ರೇಸ್ ಬಸವ
😂 ಸರಿ, ಇದೊಂದು ಕೊಟ್ಟೆ.

ಬೊಂಡ_ಎಳನೀರು
ಯಾರೂ ಗೂಗಲ್‌ನ ಕ್ಲೌಡ್ ಡೇಟಾಬೇಸ್ ಫೈರ್‌ಸ್ಟೋರ್ ಹೇಳ್ಲಿಲ್ಲ ಅಲ್ವಾ ಮಾರಾಯ್ರೆ? ಇವರ ಊರಿನಲ್ಲಿ ನೆಟ್ ಇಲ್ಲ ಅಂತ ಹೇಳಿದ್ದಾರೆ. ಫೈರ್‌ಸ್ಟೋರ್ ಆ್ಯಂಡ್ರಾಯ್ಡ್‌ನಲ್ಲಿ ಆಫ್‌ಲೈನ್ ತಾನಾಗಿ ಕೆಲಸ ಮಾಡ್ತದೆ, ನೆಟ್ ಬಂದ ಕೂಡ್ಲೇ ಸಿಂಕ್ ಆಗ್ತದೆ. ನಾವೇನೂ ಬರೀಲಿಕ್ಕೆ ಇಲ್ಲ. ನಾನು ನಮ್ಮ ಯಕ್ಷಗಾನ ಸಂಘದ ಚಂದಾ ಲೆಕ್ಕಕ್ಕೆ ಅದನ್ನೇ ಹಾಕಿದ್ದೇನೆ, ನಾಲ್ಕು ವರ್ಷ ಆಯ್ತು, ಒಂದು ರೂಪಾಯಿ ಬಿಲ್ ಬರ್ಲಿಲ್ಲ.

ಮಗ್ಗಿಪುಸ್ತಕ
ಚಂದಾ ಲೆಕ್ಕಕ್ಕೆ ಬರಲ್ಲ. ಹಾಲಿನ ಲೆಕ್ಕಕ್ಕೆ ಬರುತ್ತೆ. ಫೈರ್‌ಸ್ಟೋರ್‌ನಲ್ಲಿ ಓದಿದ ಒಂದೊಂದು ಡಾಕ್ಯುಮೆಂಟಿಗೂ ಲೆಕ್ಕ. ಪುಕ್ಕಟೆ ಇರೋದು ದಿನಕ್ಕೆ 50,000 ಓದು. ಹಾಲು ಹಾಕಿದ ಒಂದೊಂದು ಸಲಕ್ಕೂ ಒಂದೊಂದು ಡಾಕ್ಯುಮೆಂಟ್ ಅಂತ ಇಟ್ರೆ, ಒಂದು ಬಟವಾಡೆಗೆ 180 × 30 = 5,400 ಓದು. ಪರವಾಗಿಲ್ಲ. ಆದರೆ ವಾರ್ಷಿಕ ಮಹಾಸಭೆಗೆ "ಯಾರು ಎಷ್ಟು ಹಾಲು ಹಾಕಿದ್ದಾರೆ, ಬೋನಸ್ ಎಷ್ಟು" ಅಂತ ಒಂದು ವರದಿ ತೆಗೆದ್ರೆ 1,31,400 ಓದು. ತಪ್ಪು ಸಿಕ್ತು ಅಂತ ಅದೇ ದಿನ ಇನ್ನೆರಡು ಸಲ ತೆಗೆದ್ರೆ?

ಬೊಂಡ_ಎಳನೀರು
ಹಾಗೆ ಯಾರು ಇಡ್ತಾರೆ? ಒಬ್ಬ ಸದಸ್ಯನಿಗೆ ಒಂದು ಬಟವಾಡೆಗೆ ಒಂದೇ ಡಾಕ್ಯುಮೆಂಟ್, ಅದರೊಳಗೆ 30 ಸಲದ ಪಟ್ಟಿ. ವರ್ಷಕ್ಕೆ 180 × 24, ಬರೀ 4,320 ಓದು. ಡಾಕ್ಯುಮೆಂಟಿನ ಮಿತಿ 1 ಎಂಬಿ ಹತ್ರ ಉಂಟು, 30 ಸಾಲು ಅದರ ಮೂಲೆಗೂ ಸಾಕಾಗುವುದಿಲ್ಲ.

ಮಗ್ಗಿಪುಸ್ತಕ
ಇದು ಒಳ್ಳೇ ಉತ್ತರ, ಒಪ್ಪಿದೆ. ಈಗ ನನ್ನ ಪ್ರಶ್ನೆ. "ನಿನ್ನೆ ಬೆಳಿಗ್ಗೆ ಫ್ಯಾಟ್ 3.5ಕ್ಕಿಂತ ಕಮ್ಮಿ ಯಾರದ್ದು ಬಂತು?" ಡೈರಿಗಳಲ್ಲಿ ದಿನಾ ಕೇಳೋ ಪ್ರಶ್ನೆ ಇದು, ಯಾಕಂದ್ರೆ ಕ್ಯಾನ್ ಎಲ್ಲ ಸೇರಿ ಮೇಲಿನವರು ಫ್ಯಾಟ್ ಕಮ್ಮಿ ಅಂದ್ರೆ ಕಾರ್ಯದರ್ಶಿ ತಲೆ ಮೇಲೆ ಬರುತ್ತೆ. ನಿಮ್ಮ ಜೋಡಣೆಯಲ್ಲಿ 180 ಡಾಕ್ಯುಮೆಂಟನ್ನೂ ತೆರೆದು, ಒಳಗಿನ ಪಟ್ಟಿಯಲ್ಲಿ ನಿನ್ನೆಯದನ್ನ ಹುಡುಕಿ, ಕೋಡಲ್ಲಿ ಸೋಸಬೇಕು.

ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲಿ ಮೊದಲೇ ಒಂದು ಪ್ರಶ್ನೆ ಆರಿಸ್ಕೊಂಡು ಅದಕ್ಕೆ ತಕ್ಕ ಹಾಗೆ ಡೇಟಾ ಮಡಚಿಡ್ತೀರಿ. ಆ ಪ್ರಶ್ನೆಗೆ ಉತ್ತರ ಮಿಂಚಿನ ಹಾಗೆ ಬರುತ್ತೆ. ಬೇರೆ ಪ್ರಶ್ನೆ ಕೇಳಿದ್ರೆ ಮಡಿಕೆ ಎಲ್ಲ ಬಿಚ್ಚಬೇಕು. ಟೇಬಲ್‌ನಲ್ಲಿ ಸೀರೆ ಮಡಚಿರಲ್ಲ, ಹಾಸಿರುತ್ತೆ. ಯಾವ ಕಡೆಯಿಂದ ಬೇಕಾದ್ರೂ ಎತ್ತಬಹುದು.

ಅಡಿಟಿಪ್ಪಣಿ
ಸಣ್ಣ ತಿದ್ದುಪಡಿ. 2023ರಿಂದ ಫೈರ್‌ಸ್ಟೋರ್ ಮೊತ್ತವನ್ನ ಸರ್ವರ್‌ನಲ್ಲೇ ಹಾಕಿಕೊಡುತ್ತೆ, ಆಗ ಒಂದೊಂದು ಸಾವಿರ ಇಂಡೆಕ್ಸ್ (ಬೇಗ ಹುಡುಕೋಕೆ ಇಟ್ಟ ಸೂಚಿ) ನಮೂದಿಗೆ ಒಂದು ಓದು ಅಂತ ಲೆಕ್ಕ. ಹಾಗಾಗಿ 1,31,400 ಅನ್ನೋದು ಹಳೇ ಲೆಕ್ಕಾಚಾರ. ಸದಸ್ಯವಾರು ಬೇಕಂದ್ರೆ ಮಾತ್ರ 180 ಸಲ ಬೇರೆ ಬೇರೆ ಕೇಳಬೇಕು.

ಮಗ್ಗಿಪುಸ್ತಕ
ಸರಿ, ಗೊತ್ತಿರಲಿಲ್ಲ. ಆದರೂ 180 ಸಲ ಕೇಳೋದೇ ಆಯ್ತಲ್ಲ, ಎಸ್‌ಕ್ಯುಎಲ್‌ನಲ್ಲಾದ್ರೆ ಒಂದು ಗ್ರೂಪ್ ಬೈ, ಎಲ್ಲ ಸದಸ್ಯರ ಮೊತ್ತ ಒಂದೇ ಸಲಕ್ಕೆ.

ಕೊನೇಬೆಂಚು
ಇಷ್ಟು ಬೇಗ ಇಷ್ಟೊಂದು ಉತ್ತರ! ಧನ್ಯವಾದ. ಒಂದು ಹೇಳೋಕೆ ಮರೆತೆ. ದರಪಟ್ಟಿ ಆಗಾಗ ಬದಲಾಗುತ್ತೆ, ಕೆಲವೊಮ್ಮೆ ಬಟವಾಡೆ ಮಧ್ಯದಲ್ಲೇ. ನಾನು ದರಪಟ್ಟಿಗೆ ಒಂದು ಟೇಬಲ್, ಹಾಲಿಗೆ ಒಂದು ಟೇಬಲ್ ಮಾಡಿ ಜಾಯಿನ್ ಹಾಕೋಣ, ಅಂದ್ರೆ ಎರಡನ್ನೂ ಜೋಡಿಸಿ ಓದೋಣ ಅಂತಿದ್ದೆ. ರೇಟನ್ನ ಎರಡು ಕಡೆ ಇಡಬಾರದು ಅಂತ ಕಾಲೇಜಲ್ಲಿ ಹೇಳಿಕೊಟ್ಟಿದ್ರು.

ಹಳೇ_ಫಾಕ್ಸು
ಅಲ್ಲೇ ನಿಲ್ಲಿ! ಆ ಗುಂಡಿಗೆ ಬಿದ್ದವನು ನಾನು.

1990ರ ದಶಕದ ಕೊನೆ. ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸಲ್ಲಿ ನಮ್ಮ ಕಡೆಯ ಒಂದು ಡೈರಿಗೆ ಪ್ರೋಗ್ರಾಂ ಬರೆದಿದ್ದೆ. ನೀವು ಹೇಳಿದ ಹಾಗೇ, ದರ ಒಂದು ಟೇಬಲ್, ಹಾಲು ಒಂದು ಟೇಬಲ್, ಬಹಳ ಶುದ್ಧ. ದರ ಏರಿದ ದಿನ ಕಾರ್ಯದರ್ಶಿ ಟೇಬಲ್‌ನಲ್ಲಿ ಹೊಸ ದರ ತುಂಬಿದರು. ಎರಡು ದಿನ ಬಿಟ್ಟು ಒಬ್ಬರು ಹಳೇ ಚೀಟಿ ಕಳೆದುಹೋಗಿದೆ, ಇನ್ನೊಂದು ಕೊಡಿ ಅಂತ ಬಂದರು. ಪ್ರಿಂಟ್ ಕೊಟ್ವಿ. ಕಳೆದ ತಿಂಗಳ ಹಾಲಿಗೆ ಈ ತಿಂಗಳ ದರ ಬಿದ್ದಿತ್ತು. ಅವರು ಪಾಸ್‌ಪುಸ್ತಕ ತೆಗೆದು ನೋಡಿದರು, ನನಗೆ ಕಮ್ಮಿ ಕೊಟ್ಟಿದೀರ ಅಂದರು. ಸಂಜೆ ಹಾಲಿನ ಹೊತ್ತಿಗೆ ಕ್ಯಾನ್ ಹಿಡಿದು ನಿಂತವರೆಲ್ಲ ಹಳೇ ಚೀಟಿ ಕೇಳೋಕೆ ಶುರು. ಅಧ್ಯಕ್ಷರು ನನ್ನ ಮನೆಗೆ ಆಳು ಕಳಿಸಿದರು.

ಎರಡು ಕೆಲಸ ಮಾಡಿ. ದರಪಟ್ಟಿಯಲ್ಲಿ "ಯಾವ ದಿನದಿಂದ" ಅಂತ ಒಂದು ಕಾಲಂ ಇರಲಿ, ಹಳೇ ದರವನ್ನ ಅಳಿಸಲೇಬೇಡಿ, ತಿದ್ದಲೇಬೇಡಿ. ಮತ್ತೆ ಹಾಲಿನ ಸಾಲಿನಲ್ಲೇ ಅವತ್ತು ಹಾಕಿದ ದರವನ್ನೂ ಬರೆದಿಡಿ.

ಅಡಿಟಿಪ್ಪಣಿ
ಹಾಗಾದ್ರೆ ನಾರ್ಮಲೈಸೇಷನ್ (ಒಂದು ಮಾಹಿತಿ ಒಂದೇ ಕಡೆ ಅನ್ನೋ ನಿಯಮ) ಮುರಿದ ಹಾಗಲ್ವಾ?

ಹಳೇ_ಫಾಕ್ಸು
ಇಲ್ಲ. ದರಪಟ್ಟಿಯಲ್ಲಿರೋದು "ದರ ಇಷ್ಟು" ಅನ್ನೋ ನಿಯಮ. ಹಾಲಿನ ಸಾಲಿನಲ್ಲಿರೋದು "ಇವರಿಗೆ ಅವತ್ತು ಇಷ್ಟು ಕೊಟ್ವಿ" ಅನ್ನೋ ನಡೆದ ಸಂಗತಿ. ನೋಡೋಕೆ ಒಂದೇ ಅಂಕಿ, ಆದರೆ ಎರಡು ಬೇರೆ ಮಾತು. ಕಾರ್ಯದರ್ಶಿ ತಪ್ಪು ದರ ಹಾಕಿ ಕೊಟ್ಟಿದ್ರೂ ಕೊಟ್ಟಿದ್ದು ಕೊಟ್ಟಿದ್ದೇ.

ಇನ್ನೊಂದು. ಸದಸ್ಯರ ನಂಬರನ್ನ ಪ್ರೈಮರಿ ಕೀ (ಒಂದು ಸಾಲನ್ನ ಗುರುತಿಸೋ ಕೀಲಿ) ಮಾಡಬೇಡಿ. 47ನೇ ನಂಬರಿನ ಯಜಮಾನರು ತೀರಿಕೊಂಡರೆ ಮಗ ಅದೇ 47ರಲ್ಲಿ ಹಾಲು ಹಾಕ್ತಾನೆ. ಹೆಸರು ತಿದ್ದಿದ್ರಿ ಅಂತಿಟ್ಕೊಳ್ಳಿ, ಹತ್ತು ವರ್ಷದ ಹಿಂದಿನ ಚೀಟಿಯಲ್ಲೂ ಮಗನ ಹೆಸರೇ ಬರುತ್ತೆ. ಅಣ್ಣತಮ್ಮಂದಿರ ಪಾಲು ಪಂಚಾಯ್ತಿಗೆ ಆ ಚೀಟಿ ಹೋದ್ರೆ ನಿಮ್ಮನ್ನೂ ಕರೀತಾರೆ.

ಕೊನೇಬೆಂಚು
ಅಯ್ಯೋ, ನಮ್ಮಲ್ಲಿ ಇದು ಆಗ್ಲೇ ಎರಡು ಕಡೆ ಆಗಿದೆ. ಕೀ ಬೇರೆ ಇಡ್ತೀನಿ.

ಪೇಡೆ_ಪ್ರಿಯ
@ಹಳೇ_ಫಾಕ್ಸು ಫಾಕ್ಸ್‌ಪ್ರೋ ಅಂದ ಕೂಡ್ಲೆ ಕಣ್ಣಾಗ ನೀರು ಬಂತ್ರಿ ಯಪ್ಪಾ. ಕರೆಂಟ್ ಹೋತಂದ್ರ ಇಂಡೆಕ್ಸ್ ಹೋತು. ದಿನಾ ಮುಂಜಾನೆ ದೇವರಿಗೆ ದೀಪ, ಆಮ್ಯಾಲ ರೀಇಂಡೆಕ್ಸ್.

ಹಳೇ_ಫಾಕ್ಸು
ಕರೆಕ್ಟ್. ಅದಕ್ಕೇ ಈಗಿನವರು ಟ್ರಾನ್ಸಾಕ್ಷನ್ ಬೇಕಾ ಬೇಡವಾ ಅಂತ ಚರ್ಚೆ ಮಾಡೋದು ನೋಡಿದ್ರೆ ನಗು ಬರುತ್ತೆ. ಹಾಲಿನ ಹಣದಲ್ಲಿ ಪಶು ಆಹಾರದ ಬಾಕಿ ಕಳೆದಾಯ್ತು, ಬಾಕಿ ಖಾತೆಯಲ್ಲಿ ಜಮಾ ಮಾಡೋಕೆ ಮುಂಚೆ ಕರೆಂಟ್ ಹೋಯ್ತು. ಮೂಟೆ ದುಡ್ಡು ಎರಡು ಸಲ ವಸೂಲಿ. ಎರಡೂ ಆಗಬೇಕು, ಇಲ್ಲ ಎರಡೂ ಆಗಬಾರದು. ಎಸ್‌ಕ್ಯುಲೈಟ್‌ನಂಥ ಪುಟ್ಟ ಫೈಲ್ ಕೂಡ ಈ ಕೆಲಸ ಸರಿಯಾಗಿ ಮಾಡುತ್ತೆ, ಪುಕ್ಕಟೆ.

ಬ್ರೇಸ್ ಬಸವ
ಮೊಂಗೋದಲ್ಲೂ 2018ರಿಂದ ಹಲವು ಡಾಕ್ಯುಮೆಂಟ್ ಸೇರಿಸಿ ಟ್ರಾನ್ಸಾಕ್ಷನ್ ಮಾಡಬಹುದು. ಒಂದೇ ಡಾಕ್ಯುಮೆಂಟ್ ಒಳಗಿನ ಬದಲಾವಣೆಯಂತೂ ಮೊದಲಿಂದಲೂ ಪೂರ್ತಿ ಆಗುತ್ತೆ, ಇಲ್ಲ ಆಗಲ್ಲ.

ಅಡಿಟಿಪ್ಪಣಿ
ಸರಿಯೇ. ಆದರೆ ಹಲವು ಡಾಕ್ಯುಮೆಂಟ್ ಟ್ರಾನ್ಸಾಕ್ಷನ್‌ಗೆ ರೆಪ್ಲಿಕಾ ಸೆಟ್ (ಒಂದೇ ಡೇಟಾದ ಪ್ರತಿ ಇಡೋ ಸರ್ವರ್ ಗುಂಪು) ಬೇಕು. ಒಂದೇ ಕಂಪ್ಯೂಟರಲ್ಲಿ ಒಂಟಿ ರೆಪ್ಲಿಕಾ ಸೆಟ್ ಅಂತ ಹೊಂದಿಸಬಹುದು, ಅದನ್ನ ಡೈರಿಯ ಹಳೇ ಕಂಪ್ಯೂಟರಲ್ಲಿ ನೋಡ್ಕೊಳ್ಳೋರು ಯಾರು? ಮತ್ತೆ ಫೈರ್‌ಸ್ಟೋರ್ ಟ್ರಾನ್ಸಾಕ್ಷನ್ ನೆಟ್ ಇಲ್ಲದಾಗ ನಡೆಯಲ್ಲ. ಆಫ್‌ಲೈನ್ ಅಂತ ಹಾಡಿ ಹೊಗಳಿದವರು ಇದನ್ನ ಹೇಳಲಿಲ್ಲ.

ಅಂದಹಾಗೆ, ಟೇಬಲ್ ಇರೋ ಡೇಟಾಬೇಸನ್ನ ರಿಲೇಷನಲ್ ಅಂತಾರೆ, ಹಾಗಂದ್ರೆ ಟೇಬಲ್‌ಗಳ ನಡುವಿನ ಸಂಬಂಧ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಗಣಿತದಲ್ಲಿ ರಿಲೇಷನ್ ಅಂದ್ರೆ ಸಾಲುಗಳ ಗಣ, ಅಂದ್ರೆ ಒಂದು ಟೇಬಲ್ಲೇ ರಿಲೇಷನ್. ಐಬಿಎಂನಲ್ಲಿದ್ದ ಕಾಡ್ 1970ರಲ್ಲಿ ಬರೆದ ಪ್ರಬಂಧದಲ್ಲಿ ಆ ಅರ್ಥದಲ್ಲೇ ಬಳಸಿದ್ದು. ಇನ್ನೂ ತಮಾಷೆ ಅಂದ್ರೆ ನೋಎಸ್‌ಕ್ಯುಎಲ್ ಅನ್ನೋ ಹೆಸರು ಮೊದಲು ಬಂದಿದ್ದು 1998ರಲ್ಲಿ, ಕಾರ್ಲೋ ಸ್ಟ್ರೋಜಿ ಅನ್ನೋರು ತಮ್ಮ ಪುಟ್ಟ ಡೇಟಾಬೇಸಿಗೆ ಇಟ್ಟಿದ್ದು. ಅದು ರಿಲೇಷನಲ್ ಡೇಟಾಬೇಸೇ! ಎಸ್‌ಕ್ಯುಎಲ್ ಭಾಷೆ ಮಾತ್ರ ಇರಲಿಲ್ಲ. ಈಗಿನ ಅರ್ಥ, ಅಂದ್ರೆ ಮೊಂಗೋದಂಥ ರಿಲೇಷನಲ್ ಅಲ್ಲದ ಡೇಟಾಬೇಸ್, ಬಂದಿದ್ದು 2009ರಲ್ಲಿ.

ಸೆಲೆಕ್ಟ್_ಸ್ಟಾರ್
ನನ್ನ ಪಠ್ಯದಲ್ಲಿ "ಸಂಬಂಧಾತ್ಮಕ ದತ್ತಸಂಚಯ" ಅಂತಿತ್ತು. ಅಮ್ಮ ಪುಸ್ತಕ ನೋಡಿ "ಸಂಬಂಧದ ವಿಷಯ ಕಾಲೇಜಲ್ಲೂ ಹೇಳಿಕೊಡ್ತಾರಾ, ಹುಡುಗಿ ಜಾತಕ ಯಾವಾಗ ತರಿಸೋಣ" ಅಂದ್ರು.

ಹುರಿಗಾಳು
ಮೂರು ದಿನದಿಂದ ಓದ್ತಿದೀನಿ, ಯಾರೂ ಕನ್ನಡ ಹೆಸರಿನ ಬಗ್ಗೆ ಕೇಳ್ಲಿಲ್ಲ. ಸದಸ್ಯರ ಹೆಸರು ಕನ್ನಡದಲ್ಲಿ ತಾನೇ ಬರೆಯೋದು?

ನಾನು ಗ್ರಂಥಾಲಯದ ಪಟ್ಟಿಗೆ ಹಳೇ ಮೈಎಸ್‌ಕ್ಯುಎಲ್ ಬಳಸಿದ್ದೆ. ಮೊದಲ ದಿನ ಎಲ್ಲ ಹೆಸರೂ ಪ್ರಶ್ನಾರ್ಥಕ ಚಿಹ್ನೆ, ಯಾಕಂದ್ರೆ ಅದರ ಮೂಲ ಹೊಂದಿಕೆ ಲ್ಯಾಟಿನ್. ಯುಟಿಎಫ್8 (ಎಲ್ಲ ಭಾಷೆಗೂ ಆಗೋ ಅಕ್ಷರ ಸಂಕೇತ) ಅಂತ ಬದಲಾಯಿಸಿದೆ, ಕನ್ನಡ ಬಂತು. ಆಮೇಲೆ ಒಬ್ಬರು ಷರಾದಲ್ಲಿ ಕೈಮುಗಿಯೋ ಎಮೋಜಿ ಹಾಕಿದ್ರು, ಅಲ್ಲೇ ಎಡವಿತು. ಅದರ ಯುಟಿಎಫ್8 ಅನ್ನೋದು ಅಕ್ಷರಕ್ಕೆ 3 ಬೈಟ್‌ವರೆಗೆ ಮಾತ್ರ. ಕನ್ನಡಕ್ಕೆ ಸರಿಯಾಗಿ 3 ಬೇಕು, ಎಮೋಜಿಗೆ 4. 2018ರ 8ನೇ ಆವೃತ್ತಿಯಿಂದ ಈ ರಗಳೆ ಇಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಹುಡುಕಾಟ. "ೋ" ಅನ್ನೋ ಸ್ವರಚಿಹ್ನೆಯನ್ನ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ತುಂಡಾಗಿಯೂ ಬರೀಬಹುದು. ಪರದೆಯಲ್ಲಿ ಎರಡೂ ಒಂದೇ. ಡೇಟಾಬೇಸಿಗೆ ಎರಡೂ ಬೇರೆ. ಗೋವಿಂದಪ್ಪನವರು ಎದುರಿಗೇ ನಿಂತಿದ್ದಾರೆ, ಕಂಪ್ಯೂಟರ್ ಅಂಥವರಿಲ್ಲ ಅನ್ನುತ್ತೆ. ಒಳಗೆ ಹಾಕೋಕೆ ಮುಂಚೆ ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದ್ರೆ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ರಕಾರಕ್ಕೆ ಅರ್ಕಾವತ್ತು ಬರದ ಹಾಗೆ ತಡೆಯೋಕೆ ಹಾಕೋ ಕಾಣದ ಜೋಡಣೆ ಚಿಹ್ನೆ ಮಾತ್ರ ನಾರ್ಮಲೈಸ್ ಮಾಡಿದ್ರೂ ಹೋಗಲ್ಲ, ಅದನ್ನ ನೀವೇ ಸೋಸಬೇಕು. ಮೊಂಗೋ ಆದ್ರೂ ಇದೇ ಗೋಳು, ಎಸ್‌ಕ್ಯುಲೈಟ್ ಆದ್ರೂ ಇದೇ ಗೋಳು.

ಕೊನೇಬೆಂಚು
ಇದಂತೂ ತಲೆಗೇ ಹೊಳೆದಿರಲಿಲ್ಲ. ಆದ್ರೆ ಡೈರಿಯಲ್ಲಿ ಯಾರೂ ಹೆಸರು ಹೇಳಲ್ಲ, "ನಲವತ್ತೇಳು" ಅಂತ ನಂಬರ್ ಕೂಗಿ ಕ್ಯಾನ್ ಇಡ್ತಾರೆ. ಬಚಾವ್.

ಕಾಫಿ_ಕಣಜ
ಎಲ್ಲರೂ ಸೇರಿ ಡಾಕ್ಯುಮೆಂಟ್ ಡೇಟಾಬೇಸನ್ನ ಹೊಡೆದು ಹಾಕಿದ್ದೀರಿ, ಅದಕ್ಕೂ ಒಂದು ಜಾಗ ಇದೆ ಅಂತ ಹೇಳೋಕೆ ಬಂದೆ. ನಾನು ಒಂದು ಸಂಸ್ಥೆಗೆ ಕಾಫಿ ತೋಟಗಳ ಸಮೀಕ್ಷೆಗೆ ಆ್ಯಪ್ ಮಾಡಿದ್ದೆ. ಪ್ರಶ್ನಾವಳಿ ವಾರಕ್ಕೊಮ್ಮೆ ಬದಲಾಗ್ತಿತ್ತು. ಒಂದು ತೋಟದಲ್ಲಿ ಮೆಣಸು ಇದೆ, ಅದಕ್ಕೆ ಎಂಟು ಪ್ರಶ್ನೆ. ಇನ್ನೊಂದರಲ್ಲಿ ಏಲಕ್ಕಿ, ಅದಕ್ಕೆ ಬೇರೆ ಹದಿನಾಲ್ಕು. ಮೂರನೆಯದರಲ್ಲಿ ಎರಡೂ ಇಲ್ಲ, ಜೇನುಪೆಟ್ಟಿಗೆ ಇದೆ. ಇದಕ್ಕೆ ಟೇಬಲ್ ಮಾಡಿದ್ರೆ ಇನ್ನೂರು ಕಾಲಂ, ಅದರಲ್ಲಿ ನೂರೆಂಬತ್ತು ಖಾಲಿ. ಒಂದು ಭರ್ತಿ ಮಾಡಿದ ಅರ್ಜಿ ಅಂದ್ರೆ ಒಂದು ಡಾಕ್ಯುಮೆಂಟ್ ಅಂತ ಮೊಂಗೋದಲ್ಲಿ ಇಟ್ಟೆ. ಒಮ್ಮೆ ಬರೆದ ಮೇಲೆ ಯಾರೂ ತಿದ್ದಲ್ಲ, ಓದೋದೂ ಇಡಿಯಾಗಿಯೇ. ಏನೂ ತೊಂದರೆ ಆಗಲಿಲ್ಲ, ಈಗಲೂ ನಡೀತಿದೆ.

ಸೆಲೆಕ್ಟ್_ಸ್ಟಾರ್
ಅದನ್ನೇ ಪೋಸ್ಟ್‌ಗ್ರೆಸ್‌ನಲ್ಲಿ (ಇದೂ ಎಸ್‌ಕ್ಯುಎಲ್ ಡೇಟಾಬೇಸೇ) ಒಂದು ಜೇಸನ್‌ಬಿ, ಅಂದ್ರೆ ಇಡೀ ಡಾಕ್ಯುಮೆಂಟ್ ಹಿಡಿಸೋ ಕಾಲಂನಲ್ಲಿ ಇಡಬಹುದಿತ್ತು. 2014ರಿಂದ ಇದೆ, ಒಳಗಿನ ಫೀಲ್ಡಿಗೂ ಇಂಡೆಕ್ಸ್ ಹಾಕಬಹುದು. ತೋಟದ ಮಾಲೀಕರು, ದಿನಾಂಕ, ಊರು ಮಾಮೂಲಿ ಕಾಲಂ. ಬದಲಾಗೋದು ಮಾತ್ರ ಜೇಸನ್.

ಕಾಫಿ_ಕಣಜ
ಇಡಬಹುದಿತ್ತು. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಹುಶಃ ಮೊಂಗೋನೇ ಹಾಕ್ತಿದ್ದೆ, ತಂಡದಲ್ಲಿ ಎಲ್ಲರಿಗೂ ಅದೇ ಬರ್ತಿತ್ತು. ಬರೋ ಆಯುಧದಲ್ಲಿ ಕೆಲಸ ಮಾಡೋದರಲ್ಲಿ ನಾಚಿಕೆ ಏನಿದೆ?

ತಾಳ್ಮೆ_ತಮ್ಮಯ್ಯ
ಇಷ್ಟೆಲ್ಲ ಆದ್ಮೇಲೆ ಒಂದ್ ಮಾತು ಬುಟ್ಬುಟ್ರಲ್ಲ. ಕಂಪ್ಯೂಟ್ರು ಒಂದು, ಫೋನ್ ಒಂದು ಅಂದವ್ನೆ. ಕರೆಂಟ್ ಹೋದಾಗ ಫೋನಲ್ಲಿ ಬರ್ಕೊಂಡ್ರು, ಬಂದಾಗ ಕಂಪ್ಯೂಟ್ರಲ್ಲಿ. ಎರಡ್ರಲ್ಲೂ ಒಂದೊಂದು ಎಸ್‌ಕ್ಯುಲೈಟ್ ಇಟ್ರೆ ಎರಡೂ ತಾವೇ 1042, 1043 ಅಂತ ನಂಬರ್ ಕೊಟ್ಕತ್ತವೆ. ಸೇರಿಸೋವಾಗ ಎರಡು 1042 ಗುದ್ದಾಡ್ತವೆ. ಆ ಕಾರಣಕ್ಕೆ ಸಾಲಿಗೆ ತಾನಾಗೇ ಏರೋ ನಂಬರ್ ಬ್ಯಾಡ, ಯುಯುಐಡಿ ಕೊಡಿ, ಅದು ಎರಡ್ ಕಡೆ ಒಂದೇ ಬರ್ದಂಗಿರೋ ಉದ್ದನೆ ಗುರುತು. ಮತ್ತೆ ಸದಸ್ಯ, ದಿನಾಂಕ, ಹೊತ್ತು, ಈ ಮೂರೂ ಸೇರಿ ಒಂದೇ ಸಲ ಬರ್ಬೇಕು ಅಂತ ಯುನೀಕ್ ಹಾಕ್ಬುಡಿ, ಒಂದೇ ಹಾಲನ್ನ ಎರಡ್ ಕಡೆ ಬರ್ದ್ರೆ ಸಿಕ್ಕಾಕತ್ತದೆ.

ಬೊಂಡ_ಎಳನೀರು
ಅದಕ್ಕೇ ಹೇಳಿದ್ದು ಫೈರ್‌ಸ್ಟೋರ್ ಅಂತ.

ತಾಳ್ಮೆ_ತಮ್ಮಯ್ಯ
ಅದ್ರಲ್ಲಿ ಕೊನೆಗೆ ಬರ್ದೋರದ್ದು ನಿಲ್ತದೆ, ಮೊದ್ಲು ಬರ್ದೋರದ್ದು ಅಳಿಸೋಯ್ತದೆ, ಯಾರ್ಗೂ ಗೊತ್ತಾಗಕಿಲ್ಲ. ಹಾಲಿನ ಲೆಕ್ದಲ್ಲಿ ಗೊತ್ತಾಗ್ದೆ ಅಳಿಸೋದು ಬ್ಯಾಡ ಕಣಣ್ಣ. ಗಲಾಟೆ ಆದ್ರೂ ಎದುರ್ಗೇ ಆಗ್ಲಿ.

ಮೂಟೆ_ಮಹೇಶ್ವರ
ನಾನೇ ಆ ಮೊಂಗೋ ಗೆಳೆಯ. 🙋 ಅವನು ಲಿಂಕ್ ಕಳಿಸಿ "ಓದು" ಅಂದ.

ನಿಜ ಹೇಳ್ತೀನಿ. ನಾನು ಮೊಂಗೋ ಅಂದಿದ್ದು ಆಳವಾಗಿ ಯೋಚಿಸಿ ಅಲ್ಲ. ಬೂಟ್‌ಕ್ಯಾಂಪಲ್ಲಿ ಅದನ್ನೇ ಕಲಿಸಿದ್ರು, ಆಫೀಸಲ್ಲೂ ಅದೇ. ಎಸ್‌ಕ್ಯುಎಲ್‌ನಲ್ಲಿ ಎರಡು ಜಾಯಿನ್ ದಾಟಿದ್ರೆ ನನಗೆ ಬೆವರು. ಆದ್ರೆ ಒಂದು ಮಾತು, ನೀವೆಲ್ಲ ಎಸ್‌ಕ್ಯುಲೈಟ್ ಏನೋ ಕಟ್ಟುನಿಟ್ಟು ಅನ್ನೋ ಹಾಗೆ ಮಾತಾಡ್ತಿದೀರ. ನಿನ್ನೆ ಪರೀಕ್ಷೆ ಮಾಡಿದೆ. ಇಂಟಿಜರ್ ಕಾಲಂನಲ್ಲಿ "ಏಳು ಲೀಟರ್" ಅಂತ ಬರೆದೆ, ಸುಮ್ಮನೆ ತಗೊಂಡ್ತು. ಇಲ್ಲದ ಸದಸ್ಯನ ಹೆಸರಲ್ಲಿ ಹಾಲು ಹಾಕಿದೆ, ಅದನ್ನೂ ತಗೊಂಡ್ತು. ಇದೇನಾ ನಿಮ್ಮ ಶಿಸ್ತು?

ಅಡಿಟಿಪ್ಪಣಿ
ಒಳ್ಳೇ ಪರೀಕ್ಷೆ, ಶಭಾಷ್. ಎರಡಕ್ಕೂ ಮದ್ದಿದೆ. ಟೇಬಲ್ ಮಾಡುವಾಗ ಕೊನೆಗೆ ಸ್ಟ್ರಿಕ್ಟ್ ಅಂತ ಬರೀರಿ, 2021ರ ಆವೃತ್ತಿಯಿಂದ ಇದೆ. ಫಾರಿನ್ ಕೀ ಪರಿಶೀಲನೆ (ಆ ಸದಸ್ಯ ಪಟ್ಟಿಯಲ್ಲಿ ಇದಾನಾ ಅಂತ ನೋಡೋದು) ಎಸ್‌ಕ್ಯುಲೈಟ್‌ನಲ್ಲಿ ಮೂಲತಃ ಆಫ್ ಆಗಿರುತ್ತೆ, ಹಳೇ ಪ್ರೋಗ್ರಾಂಗಳು ಮುರಿಯಬಾರದು ಅಂತ. ಪ್ರತಿ ಸಲ ಕನೆಕ್ಷನ್ ತೆಗೆದಾಗ ಪ್ರಾಗ್ಮಾ ಅನ್ನೋ ಕಮಾಂಡ್ ಹಾಕಿ ಆನ್ ಮಾಡಬೇಕು. ಇದನ್ನ ಮರೆತವರು ಬಹಳ ಜನ.

ಮಗ್ಗಿಪುಸ್ತಕ
ದುಡ್ಡನ್ನ ದಶಾಂಶದಲ್ಲಿ ಇಡಬೇಡಿ ಅಂತಲೂ ಸೇರಿಸಿ. ಎಸ್‌ಕ್ಯುಲೈಟ್‌ನಲ್ಲಿ ಡೆಸಿಮಲ್ ಜಾತಿಯೇ ಇಲ್ಲ, ಫ್ಲೋಟ್, ಅಂದ್ರೆ ಅಂದಾಜು ದಶಾಂಶವಾಗಿ ಕೂರುತ್ತೆ, 0.1ಕ್ಕೆ 0.2 ಕೂಡಿದ್ರೆ ಸರಿಯಾಗಿ 0.3 ಬರಲ್ಲ. ಹಾಲು ಮಿಲಿಲೀಟರ್‌ನಲ್ಲಿ, ದರ ಪೈಸೆಯಲ್ಲಿ, ಎರಡೂ ಪೂರ್ಣಾಂಕ. 7350 ಮಿಲಿ, ಲೀಟರಿಗೆ 3642 ಪೈಸೆ ಅಂದ್ರೆ 26768.7 ಪೈಸೆ. ಇಲ್ಲಿ 26769 ಮಾಡ್ತೀರೋ 26768 ಮಾಡ್ತೀರೋ ಅಂತ ಕಾರ್ಯದರ್ಶಿ ಹತ್ರ ಮೊದಲೇ ಕೇಳಿ.

ಹುರಿಗಾಳು
ಬ್ಯಾಕಪ್?

ಹಳೇ_ಫಾಕ್ಸು
ಫೈಲ್ ತಾನೇ, ಪೆನ್‌ಡ್ರೈವ್‌ಗೆ ಕಾಪಿ ಹೊಡೆದ್ರಾಯ್ತು.

ಅಡಿಟಿಪ್ಪಣಿ
ಸಾರ್, ತಪ್ಪು ತಿಳೀಬೇಡಿ, ಅದು ಅಪಾಯ. ವಾಲ್ ಮೋಡ್ ಹಾಕಿದ್ರೆ ಈಗಷ್ಟೇ ಬರೆದ ಸಾಲುಗಳು ಪಕ್ಕದ ಇನ್ನೊಂದು ಫೈಲಲ್ಲಿ ಇರ್ತವೆ. ಮುಖ್ಯ ಫೈಲ್ ಮಾತ್ರ ಎತ್ತಿಕೊಂಡ್ರೆ ಬೆಳಗಿನ ಹಾಲೇ ಇರಲ್ಲ. ಅದರದ್ದೇ ಬ್ಯಾಕಪ್ ಕಮಾಂಡ್ ಇದೆ, ಇಲ್ಲ ವ್ಯಾಕ್ಯೂಂ ಇಂಟು ಬಳಸಿ. ಮತ್ತೆ ಆ ಫೈಲನ್ನ ಲ್ಯಾನ್ ಹಂಚಿಕೆಯ ಫೋಲ್ಡರ್‌ನಲ್ಲೋ ಕ್ಲೌಡ್ ಸಿಂಕ್ ಫೋಲ್ಡರ್‌ನಲ್ಲೋ ಇಟ್ಟು ಎರಡು ಕಡೆಯಿಂದ ತೆರೆಯೋ ಸಾಹಸ ಬೇಡ.

ಹಳೇ_ಫಾಕ್ಸು
ಹೌದಾ. ಈ ವಯಸ್ಸಲ್ಲೂ ಒಂದು ಕಲಿತೆ. ಹಾಗಾದ್ರೆ ನನ್ನ ಅಂಗಡಿ ಲೆಕ್ಕದ ಬ್ಯಾಕಪ್ ಇವತ್ತೇ ನೋಡಬೇಕು.

ಪೇಡೆ_ಪ್ರಿಯ
ಮೊಂಗೋ ಬಗ್ಗೆ ಇನ್ನೊಂದು ಹೇಳೂದು ಉಳೀತು. 2017ರ ಜನವರಿಯೊಳಗ ಪಾಸ್‌ವರ್ಡ್ ಇಲ್ಲದ ಸಾವಿರಾರು ಮೊಂಗೋ ಸರ್ವರ್ ಖಾಲಿ ಮಾಡಿ, ಬಿಟ್‌ಕಾಯಿನ್ ಕೊಡ್ರಿ ಅಂತ ಚೀಟಿ ಇಟ್ಟು ಹೋಗಿದ್ರು.

ಬ್ರೇಸ್ ಬಸವ
ಬಾಗಿಲು ತೆಗೆದಿಟ್ಟು ಮಲಗಿದವರದ್ದು ಅದು. ಅದೇ ವರ್ಷದ ಕೊನೆಗೆ ಬಂದ 3.6ರಿಂದ ಮೂಲ ಹೊಂದಿಕೆಯೇ ಹೊರಗಿನಿಂದ ಯಾರನ್ನೂ ಬಿಡಲ್ಲ. ಹಳೇ ಪಾಪ ಎಷ್ಟು ದಿನ ಎತ್ತಿ ಆಡ್ತೀರಿ?

ಕೊನೇಬೆಂಚು
ನಿರ್ಧಾರ ಆಯ್ತು. ಕಂಪ್ಯೂಟರ್, ಫೋನ್ ಎರಡರಲ್ಲೂ ಎಸ್‌ಕ್ಯುಲೈಟ್. ನೆಟ್ ಬಂದಾಗ ಇಬ್ಬರದ್ದೂ ಒಂದು ಸಣ್ಣ ಸರ್ವರ್‌ನ ಪೋಸ್ಟ್‌ಗ್ರೆಸ್‌ಗೆ ಹೋಗುತ್ತೆ. ಅಲ್ಲಿ ಯುನೀಕ್ ತಪ್ಪಿದ ಸಾಲು ಬೇರೆ ಟೇಬಲ್‌ಗೆ ಬಿದ್ದು ಕಾರ್ಯದರ್ಶಿಗೆ ಕಾಣಿಸುತ್ತೆ. ಗೆಳೆಯ ಜಾಯಿನ್ ಕಲೀತಿದಾನೆ. ಕಾರ್ಯದರ್ಶಿ ಒಂದೇ ಷರತ್ತು ಹಾಕಿದ್ದು: "ಆರು ತಿಂಗಳು ಪುಸ್ತಕದಲ್ಲೂ ಬರೀತೀನಿ."

ಸೆಲೆಕ್ಟ್_ಸ್ಟಾರ್
ನಾನು ಎರಡನೇ ಪೋಸ್ಟಲ್ಲೇ ಹೇಳಿದ್ದೆ 😌

ಕೊನೇಬೆಂಚು
ಏಳು ವಾರ ಆಯ್ತು, ಮೊದಲ ಬಟವಾಡೆ ನಿನ್ನೆ. ಪುಸ್ತಕಕ್ಕೂ ಆ್ಯಪ್‌ಗೂ ತಾಳೆ ನೋಡಿದ್ವಿ. 61 ಜನರ ಚೀಟಿಯಲ್ಲಿ 3 ಪೈಸೆಯಿಂದ 11 ಪೈಸೆವರೆಗೆ ವ್ಯತ್ಯಾಸ. ಬೆಳಗಿನ ಜಾವದವರೆಗೂ ಕೂತೆ. ಸಿಂಕ್ ಸರಿ ಇದೆ, ದರ ಸರಿ ಇದೆ. ಕೊನೆಗೆ ಸಿಕ್ಕಿದ್ದು: ಕಾರ್ಯದರ್ಶಿ ಪ್ರತಿ ಸಲದ ಹಾಲಿಗೂ ಪೈಸೆ ಸರಿಮಾಡಿ ಆಮೇಲೆ ಕೂಡ್ತಾರೆ. ನಾನು 30 ಸಲ ಕೂಡಿ ಕೊನೆಗೆ ಒಂದು ಸಲ ಸರಿಮಾಡಿದ್ದೆ.

ಮಗ್ಗಿಪುಸ್ತಕ
ಕೇಳಿ ಅಂದಿದ್ದೆ. ಕೇಳಿದ್ರಾ?

ಕೊನೇಬೆಂಚು
ಮರೆತೆ ಸಾರ್. ಇವತ್ತು ಕೇಳಿದೆ. "ಯಾವುದು ಸರಿ" ಅಂದಿದ್ದಕ್ಕೆ ಅವರು ಪುಸ್ತಕ ಮುಚ್ಚಿ, "ನಿಂದು ತಿದ್ದು" ಅಂದ್ರು.

ತಾಳ್ಮೆ_ತಮ್ಮಯ್ಯ
11 ಪೈಸೆ ಬಂದ ಪುಣ್ಯಾತ್ಮ ಯಾರು? ನಮ್ ಕಡೆ ಆಗಿದ್ರೆ ಇಷ್ಟೊತ್ತಿಗೆ ಸಭೆ ಕರ್ದಿರೋರು.